ನೀಲಗಾರ ಓಣಿಯ ಇದ್ದಿಲು

ಹಿರೇಬಣ್ಣೂರಿನ ಇದ್ದಿಲು ಕೇಂದ್ರದಲ್ಲಿ ಇಂದುಮತಿ ಕೆಲಸಕ್ಕೆ ಸೇರಿ ಹದಿಮೂರು ವರ್ಷವಾಗಿತ್ತು. ಅಷ್ಟೂ ವರ್ಷ ಅವಳ ಉಗುರಿನ ಸಂದಿಯ ಕಪ್ಪು ಹೋಗಿರಲಿಲ್ಲ. ಸೀಗೆಪುಡಿ, ನಿಂಬೆಹೋಳು, ಕಲ್ಲುಪ್ಪು ಎಲ್ಲ ಆಗಿತ್ತು. ಈಚೆಗೆ ಉಜ್ಜುವುದನ್ನೇ ಬಿಟ್ಟಿದ್ದಳು.

ಅವಳು ಚಿಕ್ಕವಳಿದ್ದಾಗ ಊರಿನ ಹಳ್ಳ ಒಂದು ದಿನ ಕೆಂಪಗೆ, ಇನ್ನೊಂದು ದಿನ ಕಡುನೀಲಿಯಾಗಿ ಹರಿಯುತ್ತಿತ್ತು. ಸೀರೆಯ ನೂಲಿಗೆ ಬಣ್ಣ ಹಾಕುವ ಮನೆಗಳು ಊರ ತುಂಬ ಇದ್ದವು. ಬಾನಿಯಲ್ಲಿ ಉಳಿದ ನೀರು ಗಟಾರಕ್ಕೆ, ಗಟಾರ ಹಳ್ಳಕ್ಕೆ. ಹಳ್ಳದ ದಂಡೆಯ ಬಾವಿಗಳಿಗೆ ಒಂದೊಂದಾಗಿ ಕಲ್ಲುಚಪ್ಪಡಿ ಬಿದ್ದವು. ಅದೇ ಊರಿನ ಎಣ್ಣೆ ಗಿರಣಿಗಳ ಹಿಂದೆ ಶೇಂಗಾ ಸಿಪ್ಪೆ ಗುಡ್ಡ ಗುಡ್ಡವಾಗಿ ಬಿದ್ದಿರುತ್ತಿತ್ತು. ಯಾರಿಗೂ ಬೇಡವಾದ ಕಸ. ಬೇಸಗೆಯಲ್ಲಿ ಯಾರೋ ಬೆಂಕಿ ಹಚ್ಚಿದರೆ ವಾರಗಟ್ಟಲೆ ಹೊಗೆಯಾಡುತ್ತಿತ್ತು.

ಆ ಕಸವನ್ನೇ ಗಾಳಿ ಆಡದ ಮುಚ್ಚಿದ ಕುಲುಮೆಯಲ್ಲಿ ಸುಟ್ಟು, ಕೆಂಡದಂಥ ಬಿಸಿಯಲ್ಲಿ ಅದರ ಮೇಲೆ ಹಬೆ ಹಾಯಿಸಿದರೆ ಇದ್ದಿಲಿನ ಮೈತುಂಬ ಕಣ್ಣಿಗೆ ಕಾಣದ ರಂಧ್ರಗಳು ಬೀಳುತ್ತವೆ. ರಂಧ್ರದೊಳಗೆ ರಂಧ್ರ. ಒಂದು ಚಮಚ ಇದ್ದಿಲಿನ ಒಳಮೈಯನ್ನು ಬಿಡಿಸಿ ಹಾಸಿದರೆ ಅರ್ಧ ಎಕರೆ ಹೊಲ ಮುಚ್ಚೀತು. ಹೊಲಸು ನೀರು ಅದರ ಮೂಲಕ ಇಳಿಯುವಾಗ ಬಣ್ಣ, ವಿಷ ಎಲ್ಲ ಆ ಗೋಡೆಗಳಿಗೆ ಅಂಟಿಕೊಂಡು ಬರೀ ನೀರು ಕೆಳಗೆ ಬರುತ್ತದೆ. ಅರವತ್ತೆರಡು ಓಣಿಗಳ ಗಟಾರದ ಬಾಯಿಗೂ ಆಳೆತ್ತರದ ಒಂದೊಂದು ಉಕ್ಕಿನ ಕೊಳವೆ ನಿಲ್ಲಿಸಿ ಈ ಇದ್ದಿಲನ್ನು ತುಂಬಿದರು. ಮೂರು ವರ್ಷಕ್ಕೆ ಹಳ್ಳದಲ್ಲಿ ಮೀನು ಬಂತು.

ಈ ಇದ್ದಿಲಿಗೆ ಇನ್ನೊಂದು ಗುಣವಿತ್ತು. ಒಮ್ಮೆ ಹಿಡಿದದ್ದನ್ನು ಅದು ನೀರಿಗೆ ಬಿಡುತ್ತಿರಲಿಲ್ಲ, ಆಚೀಚೆ ಸರಿಯಗೊಡುತ್ತಲೂ ಇರಲಿಲ್ಲ. ಮೇಲಿನ ಪದರ ತುಂಬಿದ ಮೇಲೆ ಕೆಳಗಿನದು, ಅದು ತುಂಬಿದ ಮೇಲೆ ಅದರ ಕೆಳಗಿನದು. ಹೀಗಾಗಿ ತಿಂಗಳ ಕೊನೆಗೆ ಕೊಳವೆಯನ್ನು ಕೇಂದ್ರಕ್ಕೆ ತಂದು ಪದರ ಪದರವಾಗಿ ತೆಗೆದರೆ ಯಾವ ದಿನ ಓಣಿಯಿಂದ ಏನು ಹರಿದುಬಂತು ಎಂಬುದು ಕ್ಯಾಲೆಂಡರಿನಂತೆ ಸಿಗುತ್ತಿತ್ತು. ಚಿಟಿಕೆ ಚಿಟಿಕೆ ತೆಗೆದು ದ್ರಾವಕದಲ್ಲಿ ನೆನೆಸಿ, ಅಂಟಿದ್ದನ್ನು ಬಿಡಿಸಿ ಯಂತ್ರಕ್ಕೆ ಕೊಡುವುದು, ಪರದೆಯ ಮೇಲೆ ಏಳುವ ಗೆರೆಗಳನ್ನು ಓದುವುದು, ಆಮೇಲೆ ಇದ್ದಿಲನ್ನು ಮತ್ತೆ ಕುಲುಮೆಗೆ ಹಾಕಿ ಅಂಟಿದ್ದನ್ನೆಲ್ಲ ಸುಟ್ಟು ಹೊಸದು ಮಾಡುವುದು. ಓದುವ ಕೆಲಸ ಇಂದುಮತಿಯದು. ವಾರಕ್ಕೆ ಒಂದೇ ರಜೆ, ಗುರುವಾರ.

ಮೊದಮೊದಲು ಈ ಓದು ಇದ್ದಿಲು ತುಂಬಿತೋ ಇಲ್ಲವೋ ತಿಳಿಯುವುದಕ್ಕಷ್ಟೇ ಇತ್ತು. ಆಮೇಲೆ ಆರೋಗ್ಯ ಇಲಾಖೆಯ ಕಣ್ಣು ಬಿತ್ತು. ಜನ ನುಂಗಿದ ಔಷಧಿಯೂ ಮೂತ್ರದ ಜೊತೆ ಅಲ್ಲಿಗೇ ಬರುತ್ತದೆ. ನುಂಗದೆ ಬಚ್ಚಲಿಗೆ ಚೆಲ್ಲಿದ ಔಷಧಿಯೂ ಬರುತ್ತದೆ. ಆಗ ನಿಯಮ ಬಂತು: ಸರದಿ ಹಚ್ಚಿ ಕಾಯುವಂಥ ಅಪರೂಪದ ಔಷಧಿ ಯಾವ ಓಣಿಯಲ್ಲಿ ಹಾಳಾಗುತ್ತದೋ ಆ ಓಣಿಗೆ ಅದರ ಪೂರೈಕೆ ವಿಚಾರಣೆ ಮುಗಿಯುವವರೆಗೆ ಬಂದ್. ಹಾಗೆಯೇ ಇನ್ನೊಂದು ನಿಯಮ: ಓದುವವರು ಓಣಿಯನ್ನು ಓದಬೇಕು, ಮನೆಯನ್ನು ಹುಡುಕಬಾರದು. ಇಂದುಮತಿ ಅದಕ್ಕೆ ಪ್ರಮಾಣಪತ್ರ ಬರೆದುಕೊಟ್ಟಿದ್ದಳು.

ಡಿಸೆಂಬರ್ ತಿಂಗಳ ಒಂದು ಮಂಗಳವಾರ ಅವಳ ಮೇಜಿಗೆ ನೀಲಗಾರ ಓಣಿಯ ಮಾದರಿ ಬಂತು. ಅದು ಅವಳದೇ ಓಣಿ. ಪ್ರತಿ ತಿಂಗಳೂ ಬರುತ್ತಿತ್ತು, ಹೊಸದೇನಲ್ಲ. ಇಡೀ ತಿಂಗಳ ಪದರಗಳಿಂದ ಒಂದಿಷ್ಟೊಂದಿಷ್ಟು ಇದ್ದಿಲು ತೆಗೆದು ಒಟ್ಟಿಗೆ ಕಲಸಿ ಮೊದಲ ಓದು ಮಾಡಿದಳು. ಪರದೆಯಲ್ಲಿ ಬಣ್ಣ, ಸಾಬೂನು, ತಲೆನೋವಿನ ಮಾತ್ರೆ, ಚಹದ ಒಗರು. ಕೊನೆಯಲ್ಲಿ ಎರಡು ಗೆರೆಗಳು ಪಕ್ಕಪಕ್ಕದಲ್ಲಿ ಎದ್ದು ನಿಂತವು.

ಮೂತ್ರಚೀಲದ ಕ್ಯಾನ್ಸರ್ ಗಂಟಿಗೆ ಕೊಡುವ ಹೊಸ ಗುಳಿಗೆಯ ಗೆರೆಗಳವು. ಗುಳಿಗೆ ಮನುಷ್ಯನ ಹೊಟ್ಟೆಗೆ ಹೋದರೆ ಯಕೃತ್ತು ಅದರ ಬಾಲ ಕತ್ತರಿಸಿ ಹೊರಗೆ ಕಳಿಸುತ್ತದೆ. ಬಾಲವಿಲ್ಲದ ಗೆರೆ ಎಂದರೆ ಯಾರೋ ನುಂಗಿದ್ದಾರೆ. ಬಾಲವಿರುವ ಗೆರೆ ಎಂದರೆ ಯಾರೋ ಚೆಲ್ಲಿದ್ದಾರೆ. ನೀಲಗಾರ ಓಣಿಯಲ್ಲಿ ಎರಡೂ ಇದ್ದವು.

ಇಂದುಮತಿ ಕನ್ನಡಕ ತೆಗೆದು ಕಣ್ಣೊತ್ತಿಕೊಂಡಳು. ಯಾವ ಮನೆ ಎಂದು ಹುಡುಕಬಾರದು, ನಿಜ. ಆದರೆ ಓಣಿಯಲ್ಲಿ ಆ ಗುಳಿಗೆ ಬರುತ್ತಿದ್ದದ್ದು ಎರಡೇ ಮನೆಗೆ. ಒಂದು ನಾಲ್ಕು ಮನೆಯಾಚೆಯ ಖೈರುನ್ನಳದು. ಇನ್ನೊಂದು ಅವಳದೇ ಮನೆ.

ಗಂಡ ಸಂಗನಬಸಪ್ಪ ಇಪ್ಪತ್ತೆಂಟು ವರ್ಷ ಬಣ್ಣದ ಮನೆಯಲ್ಲಿ ದುಡಿದವನು. ಇದ್ದಿಲು ಬರುವುದಕ್ಕೂ ಮೊದಲಿನ ಕಾಲ. ಮೊಳಕೈವರೆಗೆ ಬಾನಿಯಲ್ಲಿ ಕೈ ಅದ್ದಿ ನೂಲಿನ ಲಡಿ ತಿರುವುತ್ತಿದ್ದ. ಕೈಯ ಬಣ್ಣ ಕಾಲಕ್ರಮದಲ್ಲಿ ಹೋಯಿತು, ಒಳಗೆ ಇಳಿದದ್ದು ಹೋಗಲಿಲ್ಲ. ಎರಡು ಸಲ ಕೊಯ್ದರೂ ಗಂಟು ಮತ್ತೆ ಬಂತು. ಹೊಸ ಗುಳಿಗೆಗೆ ಹೆಸರು ಹಚ್ಚಿ ಏಳು ತಿಂಗಳು ಕಾಯಬೇಕಾಯಿತು. ಆ ಏಳು ತಿಂಗಳೂ ಪ್ರತಿ ಗುರುವಾರ ಇಂದುಮತಿ ಮೊದಲ ಬಸ್ಸಿಗೆ ಹುಬ್ಬಳ್ಳಿಗೆ ಹೋಗಿ, ಕಿಟಕಿಯಿಂದ ಕಿಟಕಿಗೆ ಅಲೆದು, ಕತ್ತಲಾಗುವ ಮೊದಲು ವಾಪಸಾಗಿ ರೊಟ್ಟಿ ಬಡಿಯುತ್ತಿದ್ದಳು. ಅಂತೂ ಗುಳಿಗೆ ಬಂದು ಒಂದೂವರೆ ತಿಂಗಳಾಗಿತ್ತು. ದಿನಕ್ಕೊಂದು, ಊಟವಾದ ಮೇಲೆ. ಬೆಳಿಗ್ಗೆ ಎಂಟಕ್ಕೆ ಹೊರಡುವಾಗ ಚೊಂಬು ನೀರಿನ ಪಕ್ಕ ಗುಳಿಗೆ ಇಟ್ಟು ಹೋಗುತ್ತಿದ್ದಳು. ಸಂಜೆ ಬಂದಾಗ ಇರುತ್ತಿರಲಿಲ್ಲ.

ಅಂದೂ ಇರಲಿಲ್ಲ. ಸಂಗನಬಸಪ್ಪ ಪಡಸಾಲೆಯಲ್ಲಿ ಸಹಕಾರಿ ಸಂಘದ ಲಡಿಗಳನ್ನು ಹರವಿಕೊಂಡು ಬಣ್ಣಕ್ಕೆ ಬಣ್ಣ ತಾಳೆ ನೋಡಿ ಕೂಡಿಸುತ್ತಿದ್ದ.

"ಗುಳಿಗಿ ತಗೊಂಡ್ರಿ?"

"ಹ್ಞೂಂ," ಎಂದ, ತಲೆ ಎತ್ತದೆ.

ಅವಳು ಅಷ್ಟಕ್ಕೆ ಒಳಗೆ ಹೋದಳು. ಹಾಗಾದರೆ ಖೈರುನ್ನಳೇ ಎಂದುಕೊಂಡಳು. ಎರಡು ಮಕ್ಕಳ ತಾಯಿ, ಇನ್ನೂ ಮೂವತ್ನಾಲ್ಕು, ಅವಳೂ ಮದುವೆಗೆ ಮುಂಚೆ ಬಣ್ಣದ ಮನೆಯಲ್ಲಿ ಕೆಲಸ ಮಾಡಿದವಳೇ. ಯಾಕೆ ಹೀಗೆ ಮಾಡಿಕೊಳ್ಳುತ್ತಾಳೆ? ವರದಿ ಶನಿವಾರ ಹೋಗಬೇಕು. ಹೋದರೆ ಎರಡೂ ಮನೆಯ ಔಷಧಿ ನಿಲ್ಲುತ್ತದೆ. ನಡುವೆ ಎರಡು ವಾರ ತಪ್ಪಿದರೂ ಗಂಟು ಆಮೇಲೆ ಗುಳಿಗೆಗೆ ಬಗ್ಗುವುದು ಕಷ್ಟ ಎಂದು ಡಾಕ್ಟರು ಸ್ಪಷ್ಟವಾಗಿ ಹೇಳಿದ್ದರು. ವಿಚಾರಣೆ ಎರಡು ವಾರದಲ್ಲಿ ಮುಗಿದದ್ದನ್ನು ಅವಳು ಕಂಡಿರಲಿಲ್ಲ.

ಬುಧವಾರ ಕೆಲಸ ಮುಗಿಸಿ ಸೀದಾ ಖೈರುನ್ನಳ ಮನೆಗೆ ಹೋದಳು. ಖೈರುನ್ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತ ಕೂತಿದ್ದಳು. ತಲೆಗೆ ಸುತ್ತಿದ್ದ ಬಟ್ಟೆಯ ಅಂಚಿನಲ್ಲಿ ಕೂದಲು ಉಳಿದಿರಲಿಲ್ಲ.

"ಬರ್ರಿ ಅಕ್ಕಾ, ಕುಂದರ್ರಿ."

ಇಂದುಮತಿ ಪಕ್ಕದಲ್ಲಿ ಕೂತು ತಾನೂ ನಾಲ್ಕು ಕಾಳು ಆರಿಸಿದಳು. "ಗುಳಿಗಿ ಒಗ್ಗೇತೇನವಾ ನಿನಗ?" ಎಂದಳು.

"ಒಗ್ಗೂದೇನ್ ಬಂತು ಅಕ್ಕಾ. ನುಂಗೂದು, ಅಷ್ಟ." ಖೈರುನ್ ಒಳಗೆ ಹೋಗಿ ಮೂರು ತಿಂಗಳ ಗುಳಿಗೆಯ ಖಾಲಿ ಹಾಳೆಗಳ ಕಟ್ಟನ್ನೇ ತಂದು ತೋರಿಸಿದಳು. ಪ್ರತಿಯೊಂದರ ಬೆನ್ನಿಗೂ ಅವಳ ಮಗಳು ತಾರೀಖು ಬರೆದಿದ್ದಳು. "ಇಕಿ ಮುಂದ ನಿಂತ ನುಂಗಸ್ತಾಳ. ಬಾಯಿ ತಗಿಸಿ ನೋಡ್ತಾಳ."

ಇಂದುಮತಿ ತಾರೀಖುಗಳನ್ನು ನೋಡಿದಳು. ಒಂದೂ ತಪ್ಪಿರಲಿಲ್ಲ.

"ಅಕ್ಕಾ, ಒಂದ್ ಮಾತ್ ಹೇಳ್ಲೇನು? ನನ್ನ ಗಂಡಗೂ ಹೇಳಿಲ್ಲ," ಖೈರುನ್ ದನಿ ತಗ್ಗಿಸಿದಳು. "ಎಲ್ಲಾ ಹಳದಿ ಕಾಣ್ತದ. ಗುಳಿಗಿ ಶುರು ಆಗಿ ಹದಿನೈದು ದಿನಕ್ಕ ಹಿಡೀತು. ಈ ಅಕ್ಕಿ ಅರಿಶಿಣಾ ಹಚ್ಚಿದಂಗ ಕಾಣ್ತದ. ಮಗಳ ಮಾರಿ ನೋಡಿದ್ರ ಕಾಮಣಿ ಆದಂಗ. ಕೆಂಪು ಅನ್ನೂದು ಸಗಣಿ ಬಣ್ಣ ಆಗೇದ. ಹೋಗಬಹುದು, ಹೋಗದನೂ ಇರಬಹುದು ಅಂತಾರ ಡಾಕ್ಟರು."

"ಹೌದೇನು," ಎಂದಳು ಇಂದುಮತಿ.

"ಅಣ್ಣಾರಿಗೆ ಭಾಳ ಕಷ್ಟ ಆಗಿರಬೇಕಲ್ಲ? ಅವರು ಬಣ್ಣದಾಗ ಬಾಳೇ ಮಾಡಿದೋರು. ಹೆಂಗ ತಡಕೊಂಡಾರ?"

ಇಂದುಮತಿ ಏನೋ ಒಂದು ಉತ್ತರ ಹೇಳಿ ಎದ್ದುಬಂದಳು. ಓಣಿಯ ನಡುವೆ ಬಂದಾಗ ಕಾಲು ನಿಂತವು. ಹದಿನೈದು ದಿನಕ್ಕೆ ಹಿಡಿಯುತ್ತದಂತೆ. ಒಂದೂವರೆ ತಿಂಗಳಲ್ಲಿ ಅವನು ಒಂದು ದಿನವೂ ಕಣ್ಣಿನ ಮಾತು ಎತ್ತಿರಲಿಲ್ಲ.

ಮರುದಿನ ಗುರುವಾರ. ಊಟವಾದ ಮೇಲೆ ಎಂದಿನಂತೆ ಅವಳೇ ಗುಳಿಗೆಯನ್ನು ಅಂಗೈಯಲ್ಲಿಟ್ಟು ನೀರು ಹಿಡಿದು ನಿಂತಳು. ಅವನು ನುಂಗಿದ. ಆಮೇಲೆ ಲಡಿಗಳ ಮುಂದೆ ಕೂತ. ಅವಳು ಎರಡು ಲಡಿ ಎತ್ತಿ ಬೆಳಕಿಗೆ ಹಿಡಿದಳು. ಅವಳ ಕಣ್ಣಿಗೆ ಎರಡೂ ಒಂದೇ ಕೆಂಪು.

"ಇವು ಒಂದ ಏನ್ರಿ?"

"ಎಲ್ಲಿ ಒಂದ? ಎಡಗೈಯಾಗಿನ್ದು ದಾಳಿಂಬಿ. ಬಲಗೈಯಾಗಿಂದಕ್ಕ ಒಂದ ಹನಿ ನೀಲಿ ಬಿದ್ದೈತಿ. ನೆರಳಾಗ ನೋಡು, ತಿಳೀತೈತಿ," ಎಂದ. ಅವನ ಮುಖದಲ್ಲಿ ಹಳೆಯ ಹುರುಪಿತ್ತು. ಲಡಿಗಳನ್ನು ಇಸಿದುಕೊಂಡು ಬೇರೆ ಬೇರೆ ಗುಂಪಿಗೆ ಹಾಕಿದ.

ಅವಳು ಆಗಲೇ ಕೇಳಬಹುದಿತ್ತು. ಕೇಳಲು ಬೇಕಾದ ಕಸುವು ಬರಲಿಲ್ಲ. ಮಧ್ಯಾಹ್ನವೆಲ್ಲ ಬಟ್ಟೆ ಒಗೆದಳು, ಒಗೆದದ್ದನ್ನೇ ಮತ್ತೊಮ್ಮೆ ಹಿಂಡಿದಳು.

ಶುಕ್ರವಾರ ಬೆಳಿಗ್ಗೆ ನೀಲಗಾರ ಓಣಿಯ ಕೊಳವೆಯನ್ನು ಮತ್ತೆ ತೆರೆದು ದಿನದ ಲೆಕ್ಕದಲ್ಲಿ ಪದರ ತೆಗೆದಳು. ಮೂವತ್ತು ಚಿಟಿಕೆ, ಮೂವತ್ತು ಓದು. ಮೊದಲ ನಾಲ್ಕು ದಿನ ಬಾಲವಿಲ್ಲದ ಗೆರೆ ಮಾತ್ರ ಇತ್ತು, ಇಬ್ಬರು ನುಂಗಿದಷ್ಟು ಎತ್ತರ. ಐದನೆಯ ದಿನದಿಂದ ಅದು ಅರ್ಧಕ್ಕೆ ಇಳಿದು, ಪಕ್ಕದಲ್ಲಿ ಬಾಲವಿರುವ ಗೆರೆ ಎದ್ದಿತ್ತು. ಅಲ್ಲಿಂದ ದಿನವೂ ಎರಡೂ ಗೆರೆ. ವಾರದಲ್ಲಿ ಒಂದು ದಿನ ಮಾತ್ರ ಚೆಲ್ಲಿದ್ದು ಇರಲಿಲ್ಲ. ಮತ್ತೆ ಆರು ದಿನ ಇತ್ತು, ಏಳನೆಯ ದಿನ ಇರಲಿಲ್ಲ. ಬೆರಳು ಮಡಚಿ ತಾರೀಖು ನೋಡಿದಳು. ನಾಲ್ಕೂ ಗುರುವಾರಗಳು.

ಕುಲುಮೆ ಹತ್ತೇ ಹೆಜ್ಜೆ ದೂರದಲ್ಲಿ ಉರಿಯುತ್ತಿತ್ತು. ಈಗಲೇ ಇದ್ದಿಲನ್ನೆಲ್ಲ ಅದರ ಬಾಯಿಗೆ ಸುರಿದು, ಮಾದರಿ ಕೆಟ್ಟಿತು ಎಂದು ಒಂದು ಸಾಲು ಬರೆದರೆ ಆಯಿತು. ಯಾರೂ ಕೇಳುವುದಿಲ್ಲ. ಆದರೆ ಮುಂದಿನ ತಿಂಗಳು? ಅದರ ಮುಂದಿನದು? ಪ್ರತಿ ತಿಂಗಳೂ ಒಂದು ಸುಳ್ಳು, ಅವನ ಎದುರು ದಿನಕ್ಕೊಂದು ನಾಟಕ. ನೆನೆಸಿಕೊಂಡೇ ಅವಳಿಗೆ ಸುಸ್ತಾಯಿತು. ಅರ್ಧ ದಿನದ ರಜೆ ಬರೆದು ಮನೆಗೆ ಹೊರಟಳು.

ಸಂಗನಬಸಪ್ಪ ಬಿಸಿಲಿಗೆ ಬೆನ್ನು ಕೊಟ್ಟು ಕೂತಿದ್ದ. ಹೊತ್ತಲ್ಲದ ಹೊತ್ತಿಗೆ ಅವಳು ಬಂದದ್ದು ಕಂಡು ಎದ್ದ.

"ಇವತ್ತಿನ ಗುಳಿಗಿ ಎಲ್ಲಿ ಹಾಕಿದ್ರಿ?"

ಅವನು ಸುಳ್ಳು ಹೇಳಲಿಲ್ಲ. "ಬಚ್ಚಲಕ್ಕ," ಎಂದ. ಆಮೇಲೆ, "ಇದ್ದಲಿ ಹೇಳ್ತೇನು?"

"ಇದ್ದಲಿ ಯಾರ ಹೆಸರೂ ಹೇಳೂದಿಲ್ಲ. ನನ್ನ ರಜಾ ಹೇಳ್ತು."

"ಗುರುವಾರ ನೀ ಎದುರಿಗೆ ಹಿಡಕೊಂಡು ನಿಂತಿರ್ತಿ. ನುಂಗದ ಏನ್ ಮಾಡ್ಲಿ?" ಅವನು ಮತ್ತೆ ಕೂತ. "ಹತ್ತೊಂಬತ್ತು ದಿನ ತಪ್ಪದಂಗ ತಗೊಂಡೆ, ಇಂದೂ. ಆ ದಿನ ಲಡಿ ಹರವಿಕೊಂಡು ಕುಂತೀನಿ, ಒಂದೂ ತಿಳೀವಲ್ದು. ಎಲ್ಲಾ ಹಳದಿ. ಬಿಸಲು ಹಳದಿ, ಗ್ವಾಡಿ ಹಳದಿ. ಬಿಟ್ಟು ಎರಡು ದಿನಕ್ಕ ಕೆಂಪು ಕಂಡ್ತು."

"ಅಷ್ಟಕ್ಕ ಜೀವಾ ಬಿಡ್ತೀರಾ?"

"ಅಷ್ಟಕ್ಕ ಆಗಿದ್ರ ನಿನಗ ಹೇಳಾಕ ಬರ್ತಿತ್ತು." ಮೊಣಕಾಲು ತಿಕ್ಕಿಕೊಂಡ. "ಸಾಕಾಗೇತಿ. ಎರಡು ಸಲ ಕೊಯ್ದ್ರು, ನಳಿಗಿ ಹಾಕಿದ್ರು, ತಗದ್ರು. ಈಗ ಗುಳಿಗಿ. ಇದಾದ ಮ್ಯಾಲೆ ಇನ್ನೊಂದ. ನನಗ ಇನ್ನ ಏಳೂದು ಕೂಡೂದು ಸಾಕಾಗೇತಿ."

ಅವಳ ಸಿಟ್ಟು ಆಗ ಹೊರಗೆ ಬಂತು. "ಮತ್ತ ನಾ ಏಳು ತಿಂಗಳು ಹುಬ್ಬಳ್ಳಿಗೆ ಅಡ್ಡಾಡಿದ್ದು? ನನಗ ಸಾಕಾಗಿದ್ದಿಲ್ಲೇನು? ನಿಮಗ ಬ್ಯಾಡಾಗಿದ್ರ ಮೊದಲ ಹೇಳ್ಬಾರದಿತ್ತ?"

"ಅದಕ್ಕ ಹೇಳಲಿಲ್ಲ. ನೀ ಅಡ್ಡಾಡೂದು ದಿನಾ ನೋಡ್ತಿದ್ದೆ. ಅಷ್ಟು ದಣದು ತಂದದ್ದಕ್ಕ ಬ್ಯಾಡ ಅಂತ ಯಾವ ಬಾಯಿಲೆ ಅನ್ಲಿ?"

ಅವಳು ಹೊಸ್ತಿಲ ಮೇಲೆ ಕೂತಳು. ನಾಳೆಯ ವರದಿಯ ವಿಷಯ ಹೇಳಿದಳು. ಓಣಿಗೆ ಓಣಿಯೇ ನಿಲ್ಲುತ್ತದೆ, ಖೈರುನ್ನಳದೂ ನಿಲ್ಲುತ್ತದೆ ಎಂದಳು. ಅವನು ದಿಗಿಲಿನಿಂದ ಅವಳನ್ನೇ ನೋಡಿದ.

"ಆ ಹುಡುಗೀದು ಯಾಕ? ಅಕಿ ಏನ್ ಮಾಡ್ಯಾಳ?"

"ನಿಯಮ ಹಂಗೈತಿ."

"ನನಗ ಗೊತ್ತಿರಲಿಲ್ಲ. ಆಣಿ ಮಾಡಿ ಹೇಳ್ತೀನಿ, ಗೊತ್ತಿರಲಿಲ್ಲ." ಎದ್ದು ಬಚ್ಚಲ ಬಾಗಿಲವರೆಗೆ ಹೋಗಿ ತಿರುಗಿ ಬಂದ. "ನಾ ನಾಳಿಂದ ನುಂಗಿದ್ರ?"

"ಹ್ವಾದ ತಿಂಗಳಿಂದು ಆಗ್ಲೇ ಇದ್ದಲ್ಯಾಗ ಕುಂತೈತಿ. ಇಂಥಾ ಮನಿದು ಅಂತ ತಾವಾಗೇ ಹೋಗಿ ಬರದುಕೊಟ್ರ ಮಾತ್ರ ಉಳದೋರಿಗೆ ಬಿಡ್ತಾರ. ಬರಕೊಟ್ಟ ಮನಿಗೆ ಮತ್ತ ಕೊಡೂದಿಲ್ಲ. ಸರದಿಯೊಳಗ ಮುಂದಿನೋರಿಗೆ ಹೋಗ್ತೈತಿ."

"ಹಂಗಾದ್ರ ಬರಕೊಡ್ತೀನಿ."

ಅವಳು ಉಗುರಿನಿಂದ ಹೊಸ್ತಿಲ ದೂಳು ಕೆರೆದಳು. ಕೊನೆಗೆ ಅವಳೇ ಕೇಳಿದಳು. "ಕೊಡೂದಿಲ್ಲ ಅಂದ್ರೂ ಡಾಕ್ಟರ ಕಾಲು ಹಿಡದು ಇನ್ನೊಂದು ಸಲ ಹೆಸರು ಹಚ್ಚಾಕ ನೋಡ್ತೀನಿ. ತಗೋತೀರಾ?"

ಅವನು ಅವಳ ಕಪ್ಪು ಉಗುರುಗಳನ್ನು ನೋಡುತ್ತ ಹೇಳಿದ: "ನೀ ತಗೋ ಅಂದ್ರ ತಗೋತೀನಿ. ಆದ್ರ ಅನಬ್ಯಾಡ."

ಅವಳು ಅನ್ನಲಿಲ್ಲ.

ಶನಿವಾರ ಇಬ್ಬರೂ ಕೇಂದ್ರಕ್ಕೆ ಹೋದರು. ಮೇಲ್ವಿಚಾರಕ ಕಟಗೇರಿ ಒಳ್ಳೆಯ ಮನುಷ್ಯ. ಎಲ್ಲವನ್ನೂ ಕೇಳಿಸಿಕೊಂಡು ಕಂಪ್ಯೂಟರಿನಲ್ಲಿ ನಿರಾಕರಣೆಯ ಅರ್ಜಿ ತೆರೆದರು. ಹೆಸರು, ಓಣಿ, ವಯಸ್ಸು ತುಂಬಿದರು.

"ಕಾರಣ ಏನ್ ಬರೀಲಿ?"

"ದಣದೀನ್ರಿ. ಹಂಗ ಬರೀರಿ," ಎಂದ ಸಂಗನಬಸಪ್ಪ.

ಕಟಗೇರಿ ಪಟ್ಟಿಯನ್ನು ಮೇಲಿಂದ ಕೆಳಗೆ ಎರಡು ಸಲ ನೋಡಿದರು. "ಅದು ಇದರಾಗ ಇಲ್ರಿ. ಊರು ಬಿಟ್ಟಿರೋದು, ಬ್ಯಾರೆ ಚಿಕಿತ್ಸಾ, ಅಡ್ಡಪರಿಣಾಮ, ಮರಣ. ನಾಲ್ಕ ಅದಾವು."

"ಯಾವುದರ ಒಂದು ಒತ್ರಿ."

ಕಟಗೇರಿ ಅಡ್ಡಪರಿಣಾಮ ಎಂಬುದನ್ನು ಒತ್ತಿದರು. ಸಂಗನಬಸಪ್ಪ ಹೆಬ್ಬೆರಳು ಕೊಟ್ಟ. "ನಂದು ಯಾರಿಗೆ ಹೋಗ್ತೈತ್ರಿ?" ಎಂದು ಕೇಳಿದ. ಹೇಳುವ ಹಾಗಿಲ್ಲ ಎಂದರು. "ಯಾರಿಗರೆ ಹೋಗ್ಲಿ," ಎಂದು ಹೊರಗೆ ಹೋಗಿ ಬೇವಿನ ಮರದ ಕೆಳಗೆ ಕೂತ.

ಆಮೇಲೆ ಕಟಗೇರಿ ಅವಳ ಕಡೆ ತಿರುಗಿದರು. "ನೀವು ಮನಿ ಹುಡುಕಿದಂಗಾತಲ್ರಿ ಇಂದುಮತಿ. ಇದನ್ನ ನಾ ಮುಚ್ಚಾಕ ಬರೂದಿಲ್ಲ."

"ಮುಚ್ಚಬ್ಯಾಡ್ರಿ," ಎಂದಳು. ಮುಂದಿನ ವಾರದಿಂದ ಅವಳನ್ನು ಯಂತ್ರದ ಕೋಣೆಯಿಂದ ತೆಗೆದು ಸಿಪ್ಪೆಯ ಅಂಗಳಕ್ಕೆ ಹಾಕಿದರು. ಲಾರಿಯಿಂದ ಇಳಿಯುವ ಶೇಂಗಾ ಸಿಪ್ಪೆಯಲ್ಲಿ ಕಲ್ಲು, ಕಬ್ಬಿಣ, ಪ್ಲಾಸ್ಟಿಕ್ ಆರಿಸುವ ಕೆಲಸ. ದೂಳು ಮೂಗಿಗೆ ಅಡರುತ್ತಿತ್ತು, ಸೊಂಟ ಹಿಡಿಯುತ್ತಿತ್ತು. ಆದರೆ ಯಾರ ಹೊಟ್ಟೆಯೊಳಗೆ ಏನಿದೆ ಎಂದು ಓದಬೇಕಾಗಿರಲಿಲ್ಲ. ಅದೊಂದು ನೆಮ್ಮದಿ.

ಸಂಗನಬಸಪ್ಪ ಒಂಬತ್ತು ತಿಂಗಳು ಬದುಕಿದ. ಗುಳಿಗೆಯಿದ್ದಿದ್ದರೆ ಮೂರು ವರ್ಷ, ನಾಲ್ಕು ವರ್ಷ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಆರು ತಿಂಗಳು ಚೆನ್ನಾಗಿಯೇ ಇದ್ದ. ಲಡಿ ಆರಿಸಿದ, ಒಂದಿಬ್ಬರು ಹುಡುಗಿಯರಿಗೆ ಬಣ್ಣ ಕೂಡಿಸುವುದು ಕಲಿಸಿದ. ಕೊನೆಯ ಮೂರು ತಿಂಗಳು ಬಹಳ ನೋವು ತಿಂದ. ಇಂದುಮತಿ ರಜೆ ಹಾಕಿ ಪಕ್ಕದಲ್ಲಿ ಕೂತಳು. ಒಮ್ಮೆಯೂ ಅವನು ತಾನು ಮಾಡಿದ್ದು ತಪ್ಪಾಯಿತು ಎನ್ನಲಿಲ್ಲ, ಅವಳೂ ಕೇಳಲಿಲ್ಲ.

ಅವನು ಹೋಗಿ ಎರಡು ತಿಂಗಳಾಗಿರಬೇಕು. ಒಂದು ಮಧ್ಯಾಹ್ನ ಖೈರುನ್ ಬರಿಗಾಲಲ್ಲಿ ಓಡುತ್ತ ಬಂದಳು. ತಲೆಯ ಮೇಲೆ ಬೆರಳುದ್ದ ಕೂದಲು ಬಂದಿತ್ತು. ಉಡಿಯಲ್ಲಿ ಒಣಮೆಣಸಿನಕಾಯಿ.

"ಅಕ್ಕಾ, ಕೆಂಪು! ನೋಡ್ರಿ ಅಕ್ಕಾ, ಬಿಸಲಿಗೆ ಹಾಕಾಕ ಹೋಗಿದ್ದೆ, ಕೆಂಪ್ ಕಂಡ್ವು! ಗುಳಿಗಿ ಮುಗದು ಹನ್ನೆರಡು ದಿನ ಆತು. ಹಳದಿ ಹೋಗ್ತದ ಅಂತ ಈಗ ಹೇಳ್ತಾರ ಡಾಕ್ಟರು, ಹದಿನಾಕು ತಿಂಗಳ ಪೂರಾ ತಗೊಂಡು ಮುಗಸಿದೋರಿಗೆ ಎಲ್ಲಾರಿಗೂ ಹೋಗೇ ಹೋಗ್ತದಂತ, ಎಲ್ಲಾರಿಗೂ..."

ಎಂದವಳು ತಟ್ಟನೆ ನಿಂತಳು. ತಾನೇನು ಹೇಳಿದೆನೆಂದು ಆಗ ತಿಳಿಯಿತು. ಉಡಿಯ ತುದಿ ಕೈಜಾರಿ ಕಾಯಿಗಳು ನೆಲಕ್ಕೆ ಚೆಲ್ಲಿದವು.

ಇಂದುಮತಿ ಬಗ್ಗಿ ಒಂದೊಂದಾಗಿ ಆರಿಸಿ ಅವಳ ಉಡಿಗೆ ಹಾಕಿದಳು. ಒಂದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದಳು.

"ಖರೇನ ಛಲೋ ಕೆಂಪು ಅದಾವ," ಎಂದಳು. "ಕುಂದ್ರು. ಚಾ ಮಾಡ್ತೀನಿ."

ಒಲೆಯ ಮೇಲೆ ನೀರಿಟ್ಟು ನಿಂತಳು. ಸಿಟ್ಟು ಬರುತ್ತಿತ್ತು. ಅವನ ಮೇಲೆಯೋ, ಮೊದಲೇ ಹೇಳದ ಡಾಕ್ಟರ ಮೇಲೆಯೋ, ಅವತ್ತು ಹೊಸ್ತಿಲಲ್ಲಿ ಕೂತು ಒಂದು ಮಾತು ಅನ್ನದೆ ಉಳಿದ ತನ್ನ ಮೇಲೆಯೋ ಗೊತ್ತಾಗಲಿಲ್ಲ. ಹೊರಗೆ ಖೈರುನ್ ಉಡಿ ಹಿಡಿದುಕೊಂಡು ಕೂತಿದ್ದಳು. ಇಂದುಮತಿ ನೋಡುವಷ್ಟರಲ್ಲಿ ನೀರು ಕುದಿಕುದಿದು ಅರ್ಧವಾಗಿತ್ತು. ಅವಳು ಇನ್ನೊಂದು ಲೋಟ ನೀರು ಸುರಿದು, ಅದು ಮರಳುವುದನ್ನು ಕಾಯುತ್ತ ಗೋಡೆಗೆ ಒರಗಿದಳು.